ಸನ್ನಿ ಸೈಡ್‌ನ ಕ್ಯಾಲೆಂಡರ್‌ಗೆ ಇನ್ನೊಂದು ದಿನ ಸೇರಲಿ



ಮಡಿಕೇರಿಯ ಸನ್ನಿ ಸೈಡ್ ನಿಮ್ಮಲ್ಲಿ ಹಲವರಿಗೆ ಗೊತ್ತು. ಜನರಲ್ ತಿಮ್ಮಯ್ಯ ಅವರ ಮನೆ. ಒಂದು ಕಾಲದಲ್ಲಿ ಆರ್‌ಟಿಓ ಆಫೀಸಾಗಿದ್ದ ಆ ಮನೆ ಈಗ ಸೇನಾ ಮ್ಯೂಸಿಯಂ. 2021ರ ಫೆಬ್ರವರಿ 6ರಂದು ಅದನ್ನು ಉದ್ಘಾಟಿಸಿದವರು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್, ದಲಿತ ಸಮುದಾಯದಿಂದ ಬಂದವರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇಂಥ ಮ್ಯೂಸಿಯಂಗೆ ಒಂದು ವರ್ಷ ಅಂದ್ರೆ ದಿನಾಚರಣೆಗಳ ಸಾಲು. ಜನವರಿ 15 ಸೇನಾ ದಿನ, 1949ರಲ್ಲಿ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ದಿನ. ಜನವರಿ 28 ಅವರ ಜಯಂತಿ. ಮಾರ್ಚ್ 31 ತಿಮ್ಮಯ್ಯ ಜಯಂತಿ. ಜುಲೈ 26 ಕಾರ್ಗಿಲ್ ವಿಜಯ. ಡಿಸೆಂಬರ್ 7 ಧ್ವಜ ದಿನ, 16 ಬಾಂಗ್ಲಾ ಯುದ್ಧದ ವಿಜಯ, 18 ತಿಮ್ಮಯ್ಯನವರು 1965ರಲ್ಲಿ ಸೈಪ್ರಸ್‌ನಲ್ಲಿ ತೀರಿಕೊಂಡ ದಿನ. ಇದರಲ್ಲಿ ಒಂದನ್ನೂ ತೆಗೀಬೇಡಿ. ನಾನು ಕೇಳ್ತಿರೋದು ಒಂದು ದಿನ ಸೇರಿಸಿ ಅಂತ: ಅಕ್ಟೋಬರ್ 1.

ಜನವರಿ 1 ಅಂದ್ರೆ ಕೋರೆಗಾಂವ್ ಅಂತ ನಮ್ಮ ಹುಡುಗರಿಗೆಲ್ಲ ಗೊತ್ತು. ಅಕ್ಟೋಬರ್ 1 ಯಾವುದು? ಮಹಾರ್ ರೆಜಿಮೆಂಟ್ ದಿನ. ಅದರ ಮೊದಲ ಬೆಟಾಲಿಯನ್ 1941ರಲ್ಲಿ ಹುಟ್ಟಿದ್ದು ಪುಣೆಯಲ್ಲಲ್ಲ, ನಾಗಪುರದಲ್ಲಲ್ಲ. ನಮ್ಮ ಬೆಳಗಾವಿಯಲ್ಲಿ.

ಅದು ಸುಮ್ಮನೆ ಸಿಕ್ಕಿದ್ದಲ್ಲ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲ್ ಸೇನೆಯಲ್ಲಿ ಸುಬೇದಾರ್, ಮಹೂ ದಂಡಿನ ಶಾಲೆಯಲ್ಲಿ ಮೇಷ್ಟ್ರು. ಆ ದಂಡಿನಲ್ಲೇ 1891ರಲ್ಲಿ ಬಾಬಾಸಾಹೇಬರು ಹುಟ್ಟಿದ್ದು. ಊರಿನ ಶಾಲೆ ಹೊರಗೆ ಕೂರಿಸುತ್ತಿದ್ದ ಕಾಲದಲ್ಲಿ ದಂಡಿನ ಶಾಲೆ ಅಕ್ಷರ ಕಲಿಸಿತ್ತು. 1890ರ ದಶಕ ಬರುತ್ತಿದ್ದಂಗೇ ಬ್ರಿಟಿಷರು ‘ಯೋಧ ಜನಾಂಗ’ ಅನ್ನೋ ಲೆಕ್ಕ ಹಿಡಿದು ಮಹಾರರ ಭರ್ತಿ ನಿಲ್ಲಿಸಿದರು. ಕೋರೆಗಾಂವ್ ಕಂಬದ ಮೇಲೆ ಹೆಸರು ಕೆತ್ತಿಸಿದವರೇ ‘ಇವರು ಯೋಧರಲ್ಲ’ ಅಂದರು! ನಿಂತಿದ್ದು ಬರೀ ಸಂಬಳ ಅಲ್ಲ. ಅಕ್ಷರ ನಿಂತಿತು, ಪಿಂಚಣಿ ನಿಂತಿತು, ಊರಿಂದಾಚೆ ತಲೆಯೆತ್ತಿ ನಡೆಯೋ ದಾರಿ ನಿಂತಿತು.

ಮೊದಲ ಮಹಾಯುದ್ಧಕ್ಕೆ ಜನ ಸಾಲಲಿಲ್ಲ, 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗೀತು, ಪಡೆಯನ್ನೂ ಮುಗಿಸಿದರು. ಎರಡನೇ ಯುದ್ಧದಲ್ಲಿ 1943ಕ್ಕೆ ಚಮಾರ್ ರೆಜಿಮೆಂಟ್ ಕಟ್ಟಿದರು. ಅದು ಬರ್ಮಾ ಗಡಿಯ ಕೊಹಿಮಾದಲ್ಲಿ ಹೋರಾಡಿತು. 1946ಕ್ಕೆ ವಿಸರ್ಜನೆ. ಬೆಂಕಿ ಬಿದ್ದಾಗ ಕರಿಯೋದು, ಆರಿದ ಮೇಲೆ ಕಳಿಸೋದು. ಉಳಿದದ್ದು ಬೆಳಗಾವಿಯಲ್ಲಿ ಹುಟ್ಟಿದ ಮಹಾರ್ ರೆಜಿಮೆಂಟ್. ಅದರ ಹಿಂದೆ ಬಾಬಾಸಾಹೇಬರ ಒತ್ತಾಯ ಇತ್ತು.

‘ಸೇನೆಗೆ ಜಾತಿ ತರಬೇಡಿ’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಸ್ವಾಮಿ, ರಜಪೂತ್, ಜಾಟ್, ಡೋಗ್ರಾ, ಮರಾಠಾ ಅನ್ನೋ ಹೆಸರುಗಳನ್ನ ನಾವು ಇಟ್ಟಿದ್ದಾ? ನಾನು ಜಾತಿಗೊಂದು ರೆಜಿಮೆಂಟ್ ಕೇಳ್ತಿಲ್ಲ. ಮಹಾರ್ ರೆಜಿಮೆಂಟ್ ಇವತ್ತು ಎಲ್ಲ ಸಮುದಾಯದವರಿಗೂ ತೆರೆದಿದೆ. 1987ರಲ್ಲಿ ಶ್ರೀಲಂಕಾದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅದರ 8ನೇ ಬೆಟಾಲಿಯನ್ನಿನವರು. ಅದರ ಯುದ್ಧಘೋಷ ದೇವರ ಹೆಸರಲ್ಲ, ರಾಜನ ಹೆಸರಲ್ಲ: ‘ಬೋಲೋ ಹಿಂದೂಸ್ತಾನ್ ಕಿ ಜೈ’. ದೇಶಭಕ್ತಿಯ ಪಾಠ ನಮಗೆ ಹೇಳೋರು ಇದನ್ನ ಸ್ವಲ್ಪ ಕೇಳಿಸ್ಕೊಳ್ಳಲಿ.

‘ತಿಮ್ಮಯ್ಯ ಮನೆಯಲ್ಲಿ ಇದೆಲ್ಲ ಯಾಕೆ?’ ಅಂತ ಇನ್ನೊಬ್ಬರು ಕೇಳಬಹುದು. 1957ರಿಂದ 61ರವರೆಗೆ ಅವರು ಇಡೀ ಸೇನೆಯ ಮುಖ್ಯಸ್ಥರು, ಮಹಾರ್ ಸಿಪಾಯಿಗೂ ಅವರೇ ದಂಡನಾಯಕರು. ಬಿಳಿಯರ ಸೇನೆಯಲ್ಲಿ ಬಣ್ಣದ ಕಾರಣಕ್ಕೆ ಪಕ್ಕಕ್ಕೆ ಸರಿಸಿಕೊಳ್ಳೋದು ಏನು ಅಂತ ಆ ತಲೆಮಾರಿನ ಭಾರತೀಯ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಆ ಕಥೆಯ ಪಕ್ಕದಲ್ಲೇ ಜಾತಿಯ ಕಾರಣಕ್ಕೆ ಸರಿಸಲ್ಪಟ್ಟವರ ಕಥೆ ನಿಲ್ಲಬೇಕು. ಜೊತೆಗೆ ದಂಡಿನ ಅಡುಗೆಯವರು, ಅಗಸರು, ಕುದುರೆ ನೋಡಿಕೊಂಡವರು, ಕಕ್ಕಸು ತೊಳೆದವರು. ಯಾವ ಜನರಲ್ಲೂ ಇವರಿಲ್ಲದೆ ಒಂದು ದಿನ ಯುದ್ಧ ಮಾಡಿಲ್ಲ.

ಆಫೀಸಲ್ಲಿ ಕಡತ ಹಿಡಿದು ಬದುಕೋ ಗುಮಾಸ್ತ ನಾನು. ಕಾಗದ ಇಲ್ಲದ ಮನುಷ್ಯ ಸರ್ಕಾರದ ಲೆಕ್ಕದಲ್ಲಿ ಹುಟ್ಟೇ ಇಲ್ಲ. ಮ್ಯೂಸಿಯಮ್ಮೂ ಒಂದು ಕಡತವೇ. ಅಲ್ಲಿ ನಮ್ಮವರ ಹಾಳೆ ಸೇರದಿದ್ದರೆ, ನಾಳೆ ಅದನ್ನ ನೋಡಿ ಬರೋ ನಮ್ಮದೇ ಮಗು ‘ನಮ್ಮೋರು ಯಾರೂ ಸೈನ್ಯದಲ್ಲಿ ಇರಲಿಲ್ವಾ ಅಪ್ಪಾ?’ ಅಂತ ಕೇಳುತ್ತೆ.

ಅದಕ್ಕೆ ಕೆಲಸ ಹೀಗೆ ಮಾಡೋಣ. ಒಂದು, ಅಕ್ಟೋಬರ್ 1ರಂದು ಸನ್ನಿ ಸೈಡ್‌ನಲ್ಲಿ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಒಂದು ಕಾರ್ಯಕ್ರಮ ಆಗಲಿ ಅಂತ ಕೊಡಗು ಜಿಲ್ಲಾಧಿಕಾರಿಗೆ ಮನವಿ. ಬಾಯಿಮಾತಲ್ಲಿ ಬೇಡ, ಬರವಣಿಗೆಯಲ್ಲಿ. ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬನ್ನಿ. ಎರಡು, ನಿಮ್ಮ ಮನೆಯ ಟ್ರಂಕು ತೆಗೀರಿ. ತಾತನ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಕಾಗದ, ಮೆಡಲು, ಹಳೇ ಫೋಟೋ ಇದ್ದರೆ ಫೋಟೋ ಹೊಡೆದು, ಹೆಸರು, ನಂಬರು, ಘಟಕ, ಇಸವಿ ಬರೆದಿಡಿ. ಅಸಲು ಕಾಗದ ಯಾರ ಕೈಗೂ ಕೊಡಬೇಡಿ, ನಕಲು ಕೊಟ್ಟರೂ ರಶೀದಿ ತಗೊಳ್ಳಿ. ಅಜ್ಜಿಯಂದಿರು ಇನ್ನೂ ಇದ್ದರೆ ಮೊದಲು ಅವರ ಮಾತು ರೆಕಾರ್ಡ್ ಮಾಡಿ. ಕಾಗದ ಕಾಯುತ್ತೆ, ಅವರು ಕಾಯಲ್ಲ.

ಆ ಮ್ಯೂಸಿಯಂನ ಬಾಗಿಲು ತೆರೆದವರು ನಮ್ಮ ಸಮುದಾಯದಿಂದ ಬಂದ ರಾಷ್ಟ್ರಪತಿ. ತೆರೆದ ಬಾಗಿಲಿನ ಒಳಗೆ ನಮ್ಮ ಸಿಪಾಯಿಗೂ ಒಂದು ಗೋಡೆ, ವರ್ಷದಲ್ಲಿ ಒಂದು ದಿನ. ಇಷ್ಟೇ ಕೇಳ್ತಿರೋದು.

ಜೈ ಭೀಮ್. ಜೈ ಸಂವಿಧಾನ.