ಮೂಲೆ ಸೇರಿದ ರೂಟರ್

ತಿಂಗಳು ತಿಂಗಳೂ ದುಡ್ಡು ಕಟ್ಟಿಯೂ ಮಲಗುವ ಕೋಣೆಯಲ್ಲಿ ವೈಫೈ ಸಿಗದಿದ್ದರೆ ಮನೆಮಂದಿ ಮೊದಲು ಬೈಯುವುದು ಕಂಪನಿಯನ್ನು. ಆದರೆ ಎಷ್ಟೋ ಮನೆಗಳಲ್ಲಿ ತಪ್ಪಿರುವುದು ರೂಟರ್ ಇಟ್ಟ ಜಾಗದಲ್ಲಿ. ಟಿವಿ ಹಿಂದೆಯೋ ಕಬ್ಬಿಣದ ಬೀರುವಿನ ಪಕ್ಕದಲ್ಲೋ, ಕೇಬಲ್ ಒಳಬಂದ ಮೂಲೆಯಲ್ಲೇ ಅದನ್ನು ಕೂರಿಸಿಬಿಡುತ್ತಾರೆ.

ವೈಫೈ ಎಂದರೆ ರೇಡಿಯೊ ಅಲೆ. 1997ರಲ್ಲಿ ವೈಫೈನ ಮೊದಲ ಮಾನದಂಡ 802.11 ಬಂದಾಗ ಅದರ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. ಇಂದು ಆ ವೇಗ ಸಾವಿರಾರು ಪಟ್ಟು ಹೆಚ್ಚಿದೆ. ಗೋಡೆಯ ಸ್ವಭಾವ ಮಾತ್ರ ಬದಲಾಗಿಲ್ಲ. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ವೇಗ ಕಡಿಮೆ. ಅಡುಗೆಮನೆಯ ಮೈಕ್ರೊವೇವ್, ಬ್ಲೂಟೂತ್ ಸಾಧನಗಳೂ ಅದೇ ತರಂಗಾಂತರದ ಆಸುಪಾಸಿನಲ್ಲಿರುವುದರಿಂದ ಅಲ್ಲಿ ಗದ್ದಲವೂ ಹೆಚ್ಚು. 5 ಗಿಗಾಹರ್ಟ್ಸ್ ಅಲೆ ಚುರುಕು, ಆದರೆ ಎರಡು ಕಾಂಕ್ರೀಟ್ ಗೋಡೆ ಅಡ್ಡಬಂದರೆ ಸೊರಗುತ್ತದೆ. ನೀರು ಅಲೆಯನ್ನು ಹೀರುತ್ತದೆ, ಲೋಹ ತಡೆಯುತ್ತದೆ.

ಹಾಗಾಗಿ ರೂಟರ್ ಮನೆಯ ನಡುಭಾಗದಲ್ಲಿ, ತುಸು ಎತ್ತರದಲ್ಲಿ, ತೆರೆದ ಜಾಗದಲ್ಲಿರಬೇಕು.

ಪಾಸ್‌ವರ್ಡ್ ವಿಷಯದಲ್ಲಂತೂ ಉದಾಸೀನ ಇನ್ನೂ ಹೆಚ್ಚು. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಳ್ಳುವುದು, ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಚಿಲಕಕ್ಕೇ ನೇತುಹಾಕಿದಂತೆ. ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯುಪಿಎ2 ಎಂಬ ಭದ್ರತಾ ವಿಧಾನ, ಸಾಧ್ಯವಿದ್ದರೆ 2018ರಲ್ಲಿ ಬಂದ ಡಬ್ಲ್ಯುಪಿಎ3 ಆರಿಸಿಕೊಳ್ಳಬೇಕು. ಕಂಪನಿಯಿಂದ ಬಂದ ಅಡ್ಮಿನ್ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು.

ಇವೆಲ್ಲ ಗ್ರಾಹಕರಿಗೆ ಗೊತ್ತಿರುತ್ತದೆ ಎಂದುಕೊಳ್ಳುವುದು ಸರಿಯಲ್ಲ. ಸಂಪರ್ಕ ಕೊಡಲು ಬರುವವರು ಹತ್ತು ನಿಮಿಷ ಹೆಚ್ಚು ನಿಂತು ಇಷ್ಟನ್ನು ತೋರಿಸಿಕೊಡುವುದನ್ನು ಕಂಪನಿಗಳು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಓದುಗರು ಇಂದೇ ತಮ್ಮ ರೂಟರನ್ನು ಟಿವಿ ಹಿಂದಿನಿಂದ ಹೊರತೆಗೆದು ನೋಡಲಿ.