ಆ ಅಡ್ವಾನ್ಸ್ ನಿಮ್ಮ ದುಡ್ಡಲ್ಲ ಸ್ವಾಮಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಟ್ಟವರಿಗೆಲ್ಲ ಈ ಲೆಕ್ಕ ಬಾಯಿಪಾಠ. ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಹೋಯ್ತು. ಕ್ಲೀನಿಂಗ್‌ಗೆ ಇಷ್ಟು, ಗೋಡೆಗೆ ಮೊಳೆ ಹೊಡೆದಿದ್ದಕ್ಕೆ ಇಷ್ಟು. ಉಳಿದಿದ್ದು? "ಹೊಸಬರು ಬಂದ್ಮೇಲೆ ಕೊಡ್ತೀನಿ." ಕಳೆದ ಸಲ ನಾನು ಎರಡೂವರೆ ತಿಂಗಳು ಓನರ್ ಹಿಂದೆ ಬಿದ್ದು ನನ್ನದೇ ದುಡ್ಡು ವಸೂಲಿ ಮಾಡಿದೆ. ಆಫೀಸಿನ ಟೀ ಬ್ರೇಕಿನಲ್ಲಿ ಅವರನ್ನ ಬಾಯಿ ತುಂಬಾ ಬೈದೆ.

ಆಮೇಲೆ ಹಬ್ಬಕ್ಕೆ ಊರಿಗೆ ಹೋದೆ. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ. ಅಲ್ಲಿ ನಮ್ಮದು ಎರಡು ಪೋರ್ಷನ್ ಬಾಡಿಗೆಗಿದೆ. ಒಂದರಲ್ಲಿ ನಾಲ್ಕು ವರ್ಷ ಇದ್ದ ಮೇಷ್ಟ್ರಿಗೆ ವರ್ಗವಾಗಿತ್ತು. ಲೆಕ್ಕ ಚುಕ್ತಾ ಮಾಡೋ ಕೆಲಸ ಅಪ್ಪ ನನಗೆ ಬಿಟ್ಟರು. ನಾನು ಫೋನ್ ತೆಗೆದು ಮೊದಲು ಟೈಪ್ ಮಾಡಿದ್ದೇನು ಗೊತ್ತಾ? "ಪೇಂಟಿಂಗ್, ಒಂದು ತಿಂಗಳು."

ನಮ್ಮ ರೋಗ ಇದು. ಬಾಡಿಗೆಗಿದ್ದಾಗ ಅನ್ಯಾಯ ಅನ್ನಿಸಿದ್ದು, ಕೀ ನಮ್ಮ ಕೈಗೆ ಬಂದ ತಕ್ಷಣ ಪದ್ಧತಿ ಆಗಿಬಿಡುತ್ತೆ. ನಾವೂ ಲೋನ್ ಮಾಡಿ ಫ್ಲ್ಯಾಟ್ ತಗೊಳ್ತೀವಿ, ಇಎಂಐ ಕಟ್ಟೋಕೆ ಅದನ್ನ ಬಾಡಿಗೆಗೆ ಕೊಡ್ತೀವಿ. ನಾಳೆ ಟೀ ಬ್ರೇಕಿನಲ್ಲಿ ಬೈಸಿಕೊಳ್ಳೋ ಓನರ್ ನಾವೇ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜ ಸವೆತ ಅವನ ತಲೆಗೆ ಬರಲ್ಲ. ಕರಾರಿನಲ್ಲಿ ಬೇರೆ ಬರೆದುಕೊಂಡಿದ್ದರೆ ಮಾತು ಬೇರೆ. ಅದಕ್ಕೇ ನಮ್ಮವರು ಪೇಂಟಿಂಗ್ ಷರತ್ತನ್ನ ಕರಾರಿಗೇ ಸೇರಿಸಿಬಿಡ್ತಾರೆ. ಸಹಿ ಹಾಕದಿದ್ದರೆ ಮನೆ ಇಲ್ಲ. ಇದಕ್ಕೆ ಒಪ್ಪಂದ ಅಂತ ಹೆಸರು.

ನಮ್ಮ ಕಡೆ ಹುಳ ಹಣ್ಣಾದಾಗ ರೇಷ್ಮೆ ಬೆಳೆಯೋರು ಚಂದ್ರಿಕೆಗಳನ್ನು ಬಾಡಿಗೆಗೆ ತರೋದುಂಟು. ಗೂಡು ಬಿಡಿಸಿ ವಾಪಸ್ ಕೊಡುವಾಗ ಎಳೆ ಅಂಟಿರುತ್ತೆ, ಬಿದಿರು ಒಂದಿಷ್ಟು ಸವೆದಿರುತ್ತೆ. ಮುರಿದಿದ್ದರೆ ದುಡ್ಡು ಕೇಳಲಿ, ಸರಿ. ಗೂಡು ಕಟ್ಟಿಸಿದ್ದಕ್ಕೇ ದಂಡ ಕೇಳಿದವರನ್ನ ನಾನಂತೂ ನೋಡಿಲ್ಲ. ಆ ಸವೆತದ ಬೆಲೆ ಬಾಡಿಗೆಯಲ್ಲೇ ಬಂದಿರುತ್ತೆ. ಮನೆಗೆ ಮಾತ್ರ ಯಾಕೆ ಬೇರೆ ನ್ಯಾಯ?

"ನಿಮಗೇನು ಗೊತ್ತು, ಬಾಡಿಗೆ ಕೊಡದೆ ಓಡಿಹೋಗ್ತಾರೆ, ಬಾಗಿಲು ಮುರೀತಾರೆ, ಕೋರ್ಟಿಗೆ ಹೋದರೆ ವರ್ಷಗಟ್ಟಲೆ" ಅಂತೀರಿ. ನಿಜ. ಅಡ್ವಾನ್ಸ್ ಇರೋದೇ ಅದಕ್ಕೆ. ಆದರೆ ಹತ್ತು ತಿಂಗಳ ಬಾಡಿಗೆ ಮೊದಲೇ ಇಸ್ಕೊಳ್ಳೋದು ಭದ್ರತೆ ಅಲ್ಲ, ಬಡ್ಡಿ ಇಲ್ಲದ ಸಾಲ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತೆ. ಮನೆ ಖಾಲಿ ಮಾಡಿ ಒಪ್ಪಿಸಿದಾಗಲೇ, ಬಾಕಿ ಮುರಿದುಕೊಂಡು, ಅದನ್ನ ಹಿಂದಿರುಗಿಸಬೇಕು ಅಂತಲೂ ಹೇಳುತ್ತೆ. ಅದು ಮಾದರಿ ಅಷ್ಟೇ, ರಾಜ್ಯಗಳು ಒಪ್ಪಿಕೊಂಡರೇ ಜಾರಿ. ಆದರೆ ಸರಿಯಾಗಿ ನಡ್ಕೊಳ್ಳೋಕೆ ಯಾವ ಗೆಜೆಟ್ ಬೇಕು?

ಸ್ವಂತ ಮನೆ ತಾವೇ ನೋಡ್ಕೊಳ್ಳೋ ಓನರ್‌ಗಳಿಗೆ ನಾಲ್ಕೇ ಕೆಲಸ. ಕೀ ಕೊಡೋ ದಿನ ಇಬ್ಬರೂ ಸೇರಿ ಗೋಡೆ, ನಲ್ಲಿ, ಸ್ವಿಚ್ಚು, ಮೀಟರಿನ ಫೋಟೊ ತೆಗೆದು ಹಂಚಿಕೊಳ್ಳಿ. ಯಾವ ರಿಪೇರಿ ಯಾರದ್ದು ಅಂತ ಮೊದಲೇ ಬರೆದುಕೊಳ್ಳಿ. ಮನೆ ನೋಡೋಕೆ ಹೋಗೋ ಹಿಂದಿನ ದಿನ ಫೋನ್ ಮಾಡಿ, ಮನೆ ನಿಮ್ಮದಾದರೂ ಒಳಗಿರೋ ಸಂಸಾರ ನಿಮ್ಮದಲ್ಲ. ಕೊನೆಯದು ಮತ್ತು ಮುಖ್ಯವಾದದ್ದು: ಅಡ್ವಾನ್ಸನ್ನ ಮುಟ್ಟಬೇಡಿ. ಪ್ರತ್ಯೇಕ ಎಫ್‌ಡಿಯಲ್ಲಿಡಿ. ಅದನ್ನ ಖರ್ಚು ಮಾಡಿಕೊಂಡಿದ್ದಕ್ಕೇ ತಾನೆ "ಹೊಸಬರು ಬರಲಿ" ಅನ್ನೋ ರಾಗ? ಹಳಬರ ದುಡ್ಡು ಹೊಸಬರ ಜೇಬಿನಿಂದ ಕೊಡೋಕೆ ನೀವೇನು ಚೀಟಿ ನಡೆಸ್ತಿದೀರಾ?

ಮೇಷ್ಟ್ರ ವಿಷಯಕ್ಕೆ ಬರ್ತೀನಿ. ಆ ಸಾಲನ್ನ ಅಳಿಸಿದೆ. ಅಡುಗೆಮನೆಯ ಒಡೆದ ಸಿಂಕಿನ ದುಡ್ಡನ್ನ ಅವರೇ ಹೇಳಿ ಮುರಿಸಿದರು. ಉಳಿದಿದ್ದನ್ನ ಅಲ್ಲೇ ನಿಂತು ಟ್ರಾನ್ಸ್‌ಫರ್ ಮಾಡಿದೆ. ಮೊಬೈಲ್ ನೋಡಿ ಮೇಷ್ಟ್ರು ಕೇಳಿದರು: "ಪೇಂಟಿಂಗ್‌ದು ಹಿಡ್ಕೊಂಡಿಲ್ವಲ್ಲಪ್ಪಾ, ಮರೆತ್ಯಾ?"

ಅವರ ಆ ಆಶ್ಚರ್ಯ ಇದೆಯಲ್ಲ, ಓನರ್‌ಗಳಾದ ನಾವೆಲ್ಲ ತಲೆ ತಗ್ಗಿಸಬೇಕಾದ್ದು ಅದಕ್ಕೆ.