ಮಗುವಿನ ತೀರ್ಪು

ವೈಟ್‌ಫೀಲ್ಡಿನಲ್ಲಿ ನಮ್ಮ ನೆರೆಯವರಾದ ಉತ್ತರದೇಶದ ಎಂಜಿನಿಯರರೊಬ್ಬರು ಕಳೆದ ತಿಂಗಳು 'ಈ ಮರ ದೊಡ್ಡ' ಎನ್ನಲು, ನನ್ನ ಐದು ವರ್ಷದ ಮೊಮ್ಮಗಳು ನಕ್ಕು 'ದೊಡ್ಡದು' ಎಂದು ತಿದ್ದಿದಳು. ನಾನೂ ನಕ್ಕೆನು. ಕಾರಣವನ್ನು ಕೇಳಿದರೆ ಮಗುವು ನಿರುತ್ತರ.

ಸಂಸ್ಕೃತದಲ್ಲಿ ಮಹಾನ್ ವೃಕ್ಷಃ, ಮಹತೀ ನದೀ ಎಂದು ವಿಶೇಷಣವು ವಿಶೇಷ್ಯವನ್ನು ಅನುಸರಿಸುವುದು. ಕನ್ನಡದಲ್ಲಾದರೋ ದೊಡ್ಡ ಮರ, ದೊಡ್ಡ ಹುಡುಗಿ ಎಂದು ನಾಮಪದಕ್ಕೆ ಮೊದಲು ಬದಲಾಗದು. ವಾಕ್ಯಾಂತ್ಯದಲ್ಲಿ ದೊಡ್ಡದು, ದೊಡ್ಡವಳು ಎಂದಾಗುವುದು. ಇಂಗ್ಲಿಷಿನಲ್ಲಿಯೂ 'ದಿ ಚೈಲ್ಡ್ ಈಸ್ ಅಸ್ಲೀಪ್' ಸಾಧು, 'ಆ್ಯನ್ ಅಸ್ಲೀಪ್ ಚೈಲ್ಡ್' ಅಸಾಧು.

13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣಕ್ಕೆ ಪೂರ್ವಕವಿಗಳ ಪ್ರಯೋಗಗಳನ್ನು ಸಾಕ್ಷಿಯಾಗಿ ಕರೆದನು. ಆಡುನುಡಿಗೆ ಮಗುವೂ ಸಾಕ್ಷಿಯೇ. ಆದರೆ ನಾವು ನಕ್ಕೊಡನೆ ನೆರೆಯವರು ಇಂಗ್ಲಿಷಿಗೆ ತಿರುಗಿದರು. ಮರಳಿ ಕನ್ನಡವನ್ನಾಡಿಸಲು ಎರಡು ವಾರ ಬೇಕಾಯಿತು.

ವಾಚಕರೇ, ತಿದ್ದಿರಿ, ನಗದಿರಿ.